ಡಿಸ್ಕ್ ಬ್ರೇಕ್ ಮೆತ್ತಗಾಗಿದೆಯಾ? ಪಾನಾ ಹಿಡಿಯುವ ಮುಂಚೆ ಲಿವರ್ ಒತ್ತಿ ನೋಡಿ

ದಸರಾ ರಜೆಯಲ್ಲಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಿದ್ದೆವು. ಹಿಂದೆ ಹೆಂಡತಿ, ನಡುವೆ ಒಂದು ದೊಡ್ಡ ಬ್ಯಾಗು. ಮೊದಲ ನಾಲ್ಕೈದು ತಿರುವಿನಲ್ಲಿ ಮುಂದಿನ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆಮೇಲೆ ಪ್ರತಿ ತಿರುವಿಗೂ ಲಿವರ್ ಸ್ವಲ್ಪ ಸ್ವಲ್ಪ ಜಾಸ್ತಿ ಒಳಗೆ ಬರತೊಡಗಿತು. ಕೊನೆಗೆ ಒಂದು ಕಡೆ ಅದು ಪೂರ್ತಿ ಬಂದು ಗ್ರಿಪ್ಪಿಗೆ ತಾಗಿತು. ಒದ್ದೆ ಸ್ಪಂಜು ಹಿಂಡಿದ ಹಾಗೆ ಮೆತ್ತಗೆ. ಎದುರಿಗೆ ಲಾರಿ ಬರುತ್ತಿತ್ತು. ಗೇರ್ ಇಳಿಸಿ, ಹಿಂದಿನ ಬ್ರೇಕ್ ಮೇಲೆ ಭಾರ ಹಾಕಿ, ಹೇಗೋ ಪಕ್ಕಕ್ಕೆ ತಂದೆ. ಅಲ್ಲಿಂದ ಕೆಳಗೆ ಕೇರಿ ಊರಿನವರೆಗೆ ಒಂದನೇ ಗೇರಿನಲ್ಲೇ ಇಳಿದೆವು.

ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಮುಖ ತೊಳೆದೆ. ಬೆರಳಿನಿಂದ ಒಂದು ಹನಿ ನೀರು ಡಿಸ್ಕಿನ ಮೇಲೆ ಬಿತ್ತು. ಚುರ್ ಎಂದು ಆವಿಯಾಗಿ ಹೋಯಿತು. ಚಹಾ ಕುಡಿದು, ಅರ್ಧ ಗಂಟೆ ಕೂತು, ಮತ್ತೆ ಲಿವರ್ ಒತ್ತಿದರೆ ಬ್ರೇಕ್ ಗಟ್ಟಿಯಾಗಿತ್ತು. ಏನೂ ಆಗಿಯೇ ಇಲ್ಲವೇನೋ ಅನ್ನುವಷ್ಟು ಗಟ್ಟಿ.

ಈ ಪ್ರವಾಸಕ್ಕೆ ಎರಡು ವಾರ ಮುಂಚೆ ಒಂದು ಗ್ಯಾರೇಜಿನಲ್ಲಿ ಇದೇ ಬ್ರೇಕ್ ತೋರಿಸಿದ್ದೆ. "ಆಯಿಲ್ ಕಮ್ಮಿ ಆಗೇತ್ರಿ" ಎಂದು ಮೇಲಿಂದ ಒಂದಿಷ್ಟು ತುಂಬಿ ಕಳಿಸಿದ್ದರು. ಯಾಕೆ ಕಡಿಮೆಯಾಯಿತು, ಒಳಗಿದ್ದ ಆಯಿಲ್ ಎಷ್ಟು ಹಳೆಯದು ಎಂದು ಯಾರೂ ನೋಡಲಿಲ್ಲ. ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ನಮ್ಮ ಮನೆಯ ಗಾಡಿಗಳ ಬ್ರೇಕ್ ಕೆಲಸ ನಾನೇ ಮಾಡುತ್ತೇನೆ. ಮಾಡುತ್ತಾ ಕಲಿತ ಮುಖ್ಯ ಸಂಗತಿ ಇದು: ಬ್ರೇಕ್ ಮೆತ್ತಗಾದ ಕೂಡಲೇ ಎಲ್ಲರೂ "ಏರ್ ಹಿಡಿದಿದೆ, ಬ್ಲೀಡಿಂಗ್ ಮಾಡಿ" ಅನ್ನುತ್ತಾರೆ, ಅಂದರೆ ಆಯಿಲ್ ಜೊತೆ ಒಳಗಿನ ಗಾಳಿಯನ್ನು ಹೊರಹಾಕಿ ಎಂದು. ಆದರೆ ಮೆತ್ತಗಾಗುವುದಕ್ಕೆ ಏರ್ ಒಂದೇ ಕಾರಣವಲ್ಲ. ಯಾವ ಕಾರಣ ಎಂದು ಲಿವರ್ ಹಿಡಿದ ಕೈಗೇ ಗೊತ್ತಾಗುತ್ತದೆ. ಅದನ್ನು ಮೊದಲು ಗಮನಿಸಬೇಕು. ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚುವುದು ಆಮೇಲೆ.

ಲಿವರ್ ಏನು ಹೇಳುತ್ತದೆ

ಲಿವರ್ ಒತ್ತಿದಾಗ ಅದರ ಬುಡದಲ್ಲಿರುವ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ ಆಯಿಲನ್ನು ತಳ್ಳುತ್ತದೆ. ಪೈಪಿನ ತುದಿಯಲ್ಲಿ, ಡಿಸ್ಕನ್ನು ಕವಿದು ಕೂತಿರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಯಿಲನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ ಎಂದೇ ಹೇಳಬಹುದು. ಗಾಳಿ ಮಾತ್ರ ಕುಗ್ಗುತ್ತದೆ. ನಡುವೆ ಕಡಲೆ ಕಾಳಿನಷ್ಟು ಗಾಳಿ ಇದ್ದರೂ ನಮ್ಮ ಕೈಯ ಬಲವೆಲ್ಲ ಅದನ್ನು ಹಿಂಡುವುದಕ್ಕೇ ಹೋಗುತ್ತದೆ, ಪ್ಯಾಡಿನವರೆಗೆ ಬರುವುದೇ ಇಲ್ಲ.

ಗಾಡಿ ನಿಂತಿರುವಾಗ ಲಿವರನ್ನು ಪಟಪಟ ಎಂದು ನಾಲ್ಕೈದು ಸಲ ಒತ್ತಿ. ಒತ್ತುತ್ತಾ ಹೋದಂತೆ ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾದರೆ ಒಳಗೆ ಏರ್ ಇರುವ ಸಾಧ್ಯತೆ ಜಾಸ್ತಿ. ಡಿಸ್ಕ್ ಸೊಟ್ಟಗಾಗಿದ್ದರೂ, ಚಕ್ರದ ಬೇರಿಂಗ್ ಸಡಿಲಾಗಿದ್ದರೂ ಹೀಗೇ ಅನ್ನಿಸಬಹುದು. ಆಗ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿರುತ್ತದೆ, ಮೊದಲ ಒತ್ತು ಆ ಸಂದು ತುಂಬುವುದಕ್ಕೇ ಖರ್ಚಾಗುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯುವುದು ಸುಲಭ. ಗಾಡಿ ಓಡಿಸಿ ಬಂದ ತಕ್ಷಣ ಮಾತ್ರ ಮೊದಲ ಒತ್ತು ಖಾಲಿ ಹೋಗಿ, ನಿಂತಲ್ಲೇ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿದರೆ ಡಿಸ್ಕ್ ಅಥವಾ ಬೇರಿಂಗ್ ನೋಡಿ. ನಿಂತಲ್ಲೇ ಮೆತ್ತಗಾದರೆ ಅದು ಏರ್.

ಎರಡನೆಯದು, ಒತ್ತಿ ಹಿಡಿದುಕೊಳ್ಳುವುದು. ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಲಿವರ್ ನಿಧಾನವಾಗಿ ಕೆಳಗಿಳಿಯುತ್ತಾ ಬಂದರೆ ಇದು ಏರ್ ಅಲ್ಲ. ಆಯಿಲ್ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ನಮ್ಮ ಮನೆ ಹತ್ತಿರದ ಕಾಕಾ ಒಬ್ಬರು ಇದನ್ನು ಚೆನ್ನಮ್ಮ ವೃತ್ತದ ಸಿಗ್ನಲ್ಲಿನಲ್ಲಿ ಕಂಡುಕೊಂಡರು. ಕೆಂಪು ದೀಪಕ್ಕೆ ಬ್ರೇಕ್ ಹಿಡಿದು ನಿಂತರೆ, ಹಸಿರಾಗುವಷ್ಟರಲ್ಲಿ ಲಿವರ್ ಗ್ರಿಪ್ಪಿನ ಹತ್ತಿರ ಬಂದಿರುತ್ತಿತ್ತು. ಹೊರಗೆ ಎಲ್ಲಿಯೂ ಒಂದು ಹನಿ ಸೋರಿಕೆ ಇರಲಿಲ್ಲ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದಿತ್ತು. ಒತ್ತಿದ ಆಯಿಲ್ ಆ ಕಪ್ಪಿನ ಅಂಚಿನಿಂದ ಹಿಂದಕ್ಕೆ ಜಾರುತ್ತಿತ್ತು. ಅಂಥ ಗಾಡಿಗೆ ಹತ್ತು ಸಲ ಬ್ಲೀಡಿಂಗ್ ಮಾಡಿದರೂ ಪ್ರಯೋಜನವಿಲ್ಲ. ಒಳಗಿನ ರಬ್ಬರುಗಳ ಕಿಟ್ ಬದಲಿಸಲೇಬೇಕು. ಸಿಲಿಂಡರಿನ ಒಳಗೆ ಗೀರು ಬಿದ್ದಿದ್ದರೆ ಇಡೀ ಮಾಸ್ಟರ್ ಸಿಲಿಂಡರನ್ನೇ ಬದಲಿಸಬೇಕು.

ಮೂರನೆಯದು ನನಗೆ ಘಾಟಿನಲ್ಲಿ ಆದದ್ದು. ತಣ್ಣಗಿದ್ದಾಗ ಗಟ್ಟಿ, ಕಾದಾಗ ಮೆತ್ತಗೆ, ಮತ್ತೆ ತಣಿದರೆ ಗಟ್ಟಿ. ಇದು ನೀರಿನ ಕೆಲಸ. ನಾವು ಬಳಸುವ ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಪೈಪಿನ ಮೂಲಕ ತೇವ ಒಳಗೆ ಇಳಿಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರದ್ದು 205ರಿಂದ 140ಕ್ಕೆ ಬರುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರಿನ ಒಳಗೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ, ಲಿವರ್ ಖಾಲಿ ಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ನನ್ನ ಪ್ರಕಾರ ಬ್ರೇಕಿನ ದೋಷಗಳಲ್ಲಿ ಇದೇ ಅತ್ಯಂತ ಅಪಾಯದ್ದು. ಊರೊಳಗೆ ಓಡಿಸುವಾಗ ಇದು ತೋರಿಸಿಕೊಳ್ಳುವುದೇ ಇಲ್ಲ.

ನಮ್ಮ ಬೆಳಗಾವಿ, ಖಾನಾಪುರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಒಣಗುವುದಿಲ್ಲ, ಅಲ್ವಾ? ಆ ತೇವ ಬ್ರೇಕ್ ಆಯಿಲ್‌ಗೂ ತಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಹೆಚ್ಚಿನ ಕಂಪನಿಗಳ ಪುಸ್ತಕದಲ್ಲಿ ಇರುತ್ತದೆ. ನಾನು ಖಂಡೇನವಮಿಗೆ ಗಾಡಿ ತೊಳೆಯುವಾಗ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದು ವರ್ಷ ಬಿಟ್ಟು ಒಂದು ವರ್ಷ, ಮಳೆ ಮುಗಿದ ಮೇಲೆ, ಪೂಜೆಗೆ ಮುಂಚೆ ಹೊಸ ಆಯಿಲ್. ನೆನಪಿಡುವುದೂ ಸುಲಭ.

ಬಿಚ್ಚುವ ಮುಂಚೆ ಕಣ್ಣಿಂದ ನೋಡುವುದು

ಲಿವರ್ ಬುಡದ ಬೋಲ್ಟ್ ಸವೆದು ಅಲ್ಲಾಡುತ್ತಿದೆಯೇ ನೋಡಿ. ಎಷ್ಟೋ ಸಲ ಮೆತ್ತಗೆ ಅನ್ನಿಸುವುದು ಅಷ್ಟೇ ಆಗಿರುತ್ತದೆ.

ಆಯಿಲ್ ಡಬ್ಬಿಯ ಗಾಜಿನಲ್ಲಿ ಬಣ್ಣ ನೋಡಿ. ಹೊಸ ಆಯಿಲ್ ತಿಳಿ ಹಳದಿ ಇರುತ್ತದೆ. ಕರಿ ಚಹಾದ ಬಣ್ಣಕ್ಕೆ ಬಂದಿದ್ದರೆ ಹೊತ್ತಾಗಿದೆ. ಮಟ್ಟ ಇಳಿದಿದ್ದರೆ ಸುಮ್ನೆ ತುಂಬಬೇಡಿ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ಇಳಿಯುವುದು ಪ್ಯಾಡ್ ಮುಗಿಯುತ್ತಿದೆ ಎಂಬ ಸೂಚನೆ. ಪ್ಯಾಡ್ ದಪ್ಪವಾಗಿಯೇ ಇದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಲಿವರಿನ ಬುಡ, ಪೈಪಿನ ಎರಡೂ ತುದಿ, ಕ್ಯಾಲಿಪರಿನ ಒಳಭಾಗ, ಇಷ್ಟನ್ನೂ ಒಣ ಕಾಗದದಿಂದ ಒರೆಸಿ ನೋಡಿ.

ಪೈಪನ್ನು ಅಂಗೈಯಲ್ಲಿ ಹಿಡಿದು, ಇನ್ನೊಬ್ಬರಿಗೆ ಲಿವರ್ ಒತ್ತಲು ಹೇಳಿ. ಪೈಪ್ ಉಬ್ಬುವುದು ಕೈಗೆ ತಿಳಿದರೆ ಅದು ಸತ್ತಿದೆ ಎಂದರ್ಥ. ವಿಜಯಪುರ, ಬಾಗಲಕೋಟೆ ಕಡೆ ಬಿಸಿಲಿನಲ್ಲೇ ನಿಲ್ಲುವ ಹಳೇ ಗಾಡಿಗಳ ಪೈಪನ್ನು ಬಗ್ಗಿಸಿ ನೋಡಿದರೆ ಮೇಲೆ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಪರೀಕ್ಷೆ ಮಾಡಲೆಂದು ಪೈಪನ್ನು ಇಕ್ಕಳದಿಂದ ಹಿಸುಕಬೇಡಿ, ಒಳಪದರ ಹರಿಯುತ್ತದೆ.

ಇನ್ನು ಕ್ಯಾಲಿಪರ್. ಹೆಚ್ಚಿನ ಸಾದಾ ಬೈಕ್‌ಗಳಲ್ಲಿ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಅತ್ತ ಇತ್ತ ಜಾರಬೇಕು. ಸವದತ್ತಿಯಲ್ಲಿ ಹೊಲ ಇರುವ ನನ್ನ ಗೆಳೆಯನ ಗಾಡಿಗೆ ಎರಡು ಸಲ ಬ್ಲೀಡಿಂಗ್ ಆಗಿತ್ತು, ಆದರೂ ಲಿವರ್ ಮೆತ್ತಗೆ. ಬಿಚ್ಚಿ ನೋಡಿದರೆ ಒಂದು ಪಿನ್ನಿನ ರಬ್ಬರ್ ಹರಿದು ಒಳಗೆ ಎರೆ ಮಣ್ಣು ಹೋಗಿ, ಒಣಗಿ, ಸಿಮೆಂಟಿನಂತೆ ಕಚ್ಚಿಕೊಂಡಿತ್ತು. ಒಂದು ಪಿನ್ ಜಾರುತ್ತಿದೆ, ಇನ್ನೊಂದು ಇಲ್ಲ. ಹಾಗಾಗಿ ಬ್ರೇಕ್ ಒತ್ತಿದಾಗಲೆಲ್ಲ ಕ್ಯಾಲಿಪರ್ ಓರೆಯಾಗುತ್ತಿತ್ತು. ಪ್ಯಾಡ್ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಸವೆದಿತ್ತು. ಲಿವರಿನ ಮೆತ್ತಗೆತನ ಆ ಓರೆಯದ್ದು. ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ, ಪ್ಯಾಡ್ ಬದಲಿಸಿದೆವು. ಬ್ಲೀಡಿಂಗ್ ಮುಟ್ಟಲೇ ಇಲ್ಲ, ಲಿವರ್ ಗಟ್ಟಿಯಾಯಿತು. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೂ ಅದೇ ಗತಿ.

ಏರ್ ತೆಗೆಯುವುದು

ಬೇಕಾದ್ದು ಹೆಚ್ಚೇನಿಲ್ಲ. ಸೀಲ್ ಒಡೆಯದ ಡಾಟ್ 4 ಬಾಟಲಿ, ಕಾಲು ಲೀಟರ್ ಇದ್ದರೆ ಮುಂದಿನ ಬ್ರೇಕಿಗೆ ಸಾಕು. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ, ಅದನ್ನೇ ತನ್ನಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್. ಅದು ಇವುಗಳ ಜೊತೆ ಬೆರೆಯುವುದಿಲ್ಲ, ಹಾಕಲೇಬೇಡಿ. ಕಳೆದ ವರ್ಷ ತೆರೆದು ಅರ್ಧ ಉಳಿದ ಬಾಟಲಿಯೂ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ. ನಿಪ್ಪಲ್‌ಗೆ ರಿಂಗ್ ಪಾನಾ, ಹೆಚ್ಚಿನ ಗಾಡಿಗಳಲ್ಲಿ 8 ನಂಬರ್, ಕೆಲವದರಲ್ಲಿ 10. ಮೆಡಿಕಲ್ ಅಂಗಡಿಯಿಂದ ಒಂದು ಸಲೈನ್ ಪೈಪ್, ಒಂದು ದೊಡ್ಡ ಸಿರಿಂಜ್. ಒಂದು ಖಾಲಿ ನೀರಿನ ಬಾಟಲಿ. ಹಳೇ ಬಟ್ಟೆ ಜಾಸ್ತಿ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಟ್ಯಾಂಕ್ ಮೇಲೆ ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ. ಟ್ಯಾಂಕನ್ನು ಮೊದಲೇ ದಪ್ಪ ಬಟ್ಟೆಯಿಂದ ಮುಚ್ಚಿದರೆ ಇನ್ನೂ ಒಳ್ಳೆಯದು. ಕಣ್ಣಿಗೆ ಕನ್ನಡಕ ಇರಲಿ. ಮಳೆ ಬರುವ ದಿನ ಈ ಕೆಲಸ ಬೇಡ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿ ಮಟ್ಟಸವಾಗಿ ನಿಲ್ಲುವಂತೆ ಮಾಡಿ. ಮುಚ್ಚಳದ ಸ್ಕ್ರೂಗಳು ಮೆತ್ತನೆಯವು, ತಲೆ ಬೇಗ ಹೋಗುತ್ತದೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಹಿಡಿಕೆಯ ಮೇಲೆ ಒಂದು ಸಣ್ಣ ಪೆಟ್ಟು ಕೊಟ್ಟು ತಿರುಗಿಸಿ. ಹಳೇ ಆಯಿಲನ್ನು ಸಿರಿಂಜಿನಿಂದ ಎಳೆದು, ಡಬ್ಬಿ ಒರೆಸಿ, ಹೊಸದನ್ನು ತುಂಬಿ. ಡಬ್ಬಿಯ ತಳದಲ್ಲಿರುವ ಸಣ್ಣ ತೂತುಗಳನ್ನು ಮಾತ್ರ ಗಾಳಿಗೆ ತೆರೆದುಬಿಡಬೇಡಿ, ಅವುಗಳ ಮೇಲೆ ಸ್ವಲ್ಪ ಆಯಿಲ್ ನಿಂತಿರಲಿ.

ಈಗ ಲಿವರನ್ನು ಪೂರ್ತಿ ಒತ್ತದೆ, ಬೆರಳಿನ ತುದಿಯಿಂದ ಸಣ್ಣ ಸಣ್ಣದಾಗಿ ಒತ್ತಿ ಬಿಡಿ. ಆ ತೂತಿನಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಜೋರಾಗಿ ಒತ್ತಿದರೆ ಆಯಿಲ್ ಮುಖಕ್ಕೆ ಚಿಮ್ಮುತ್ತದೆ. ಗುಳ್ಳೆ ನಿಲ್ಲುವವರೆಗೆ ಮಾಡಿ. ಹತ್ತು ನಿಮಿಷದ ಈ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಇದು ಅರ್ಧ ಬ್ಲೀಡಿಂಗ್ ಇದ್ದ ಹಾಗೆ.

ಆಮೇಲೆ ನಿಪ್ಪಲ್. ಮೊದಲು ರಿಂಗ್ ಪಾನಾ ಹಾಕಿ, ಅದರ ಮೇಲೆ ಸಲೈನ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ನಮ್ಮ ಮನೆಯಲ್ಲಿ ಲಿವರ್ ಒತ್ತುವವನು ಅಣ್ಣನ ಮಗ. ಅವನು ಎರಡು ಮೂರು ಸಲ ಒತ್ತಿ, ಹಿಡಿದುಕೊಂಡು "ಹಿಡದೇನ್ ಕಾಕಾ" ಅನ್ನುತ್ತಾನೆ. ನಾನು ಪಾನಾವನ್ನು ಕಾಲು ಸುತ್ತು ಬಿಚ್ಚುತ್ತೇನೆ. ಲಿವರ್ ಕೆಳಗಿಳಿಯುತ್ತದೆ, ಪೈಪಿನಲ್ಲಿ ಆಯಿಲ್ ಓಡುತ್ತದೆ. "ಬಿಡಬ್ಯಾಡ, ಬಿಡಬ್ಯಾಡ" ಎನ್ನುತ್ತಲೇ ನಿಪ್ಪಲ್ ಬಿಗಿ ಮಾಡುತ್ತೇನೆ. "ಈಗ ಬಿಡು." ಅಷ್ಟೇ. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಹೊರಗೆ ಹೋದ ಗಾಳಿ ವಾಪಸ್ ಒಳಗೆ ಬರುತ್ತದೆ. ಅದಕ್ಕೇ ಇಬ್ಬರ ನಡುವೆ ಮಾತು ಬೇಕು. ಮೊಬೈಲ್ ಪಕ್ಕಕ್ಕಿಡಿ.

ಹಳೇ ಗಾಡಿಯಾದರೆ ಲಿವರ್ ಮತ್ತು ಗ್ರಿಪ್ ನಡುವೆ ಬೆರಳು ದಪ್ಪದ ಕಟ್ಟಿಗೆ ತುಂಡು ಇಡಿ. ಪಿಸ್ಟನ್ ದಿನಾಲೂ ಓಡಾಡದ ಜಾಗದಲ್ಲಿ ಕಿಲುಬು ಕೂತಿರುತ್ತದೆ. ಲಿವರ್ ಪೂರ್ತಿ ಒಳಗೆ ಹೋದರೆ ರಬ್ಬರ್ ಕಪ್ ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ನಿನ್ನೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಬ್ಲೀಡಿಂಗ್ ಆದ ಮರುದಿನ ಕೆಡುವುದು ಹೀಗೆ.

ಚೋರ್ಲಾದಿಂದ ಬಂದ ಮೇಲೆ ನನ್ನ ಗಾಡಿಯಿಂದ ಮೊದಲು ಬಂದದ್ದು ಕಾಕಂಬಿ ಬಣ್ಣದ ಆಯಿಲ್. ಅದರ ಹಿಂದೆ ಸಾಲಾಗಿ ಸಣ್ಣ ಗುಳ್ಳೆಗಳು. ಆಮೇಲೆ ಒಂದು ಅಂಗುಲ ಉದ್ದದ ಒಂದೇ ಖಾಲಿ ಜಾಗ ಪೈಪಿನೊಳಗೆ ತೇಲುತ್ತಾ ಇಳಿಯಿತು. ಅದರ ಬೆನ್ನಿಗೆ ತಿಳಿ ಹಳದಿ. ಪ್ರತಿ ಐದಾರು ಒತ್ತಿಗೊಮ್ಮೆ ಡಬ್ಬಿ ತುಂಬುತ್ತಾ ಇರಬೇಕು. ಮಟ್ಟ ಕೆಳಗಿನ ಗೆರೆಗಿಂತ ಇಳಿದು ಒಮ್ಮೆ ಗಾಳಿ ಎಳೆದುಕೊಂಡರೆ ಮತ್ತೆ ಮೊದಲಿನಿಂದ ಶುರು.

ಒಬ್ಬರೇ ಇದ್ದು ಸಿರಿಂಜಿನಿಂದ ನಿಪ್ಪಲ್ ಕಡೆಯಿಂದ ಎಳೆಯುವವರಿಗೆ ಒಂದು ಮಾತು. ಗುಳ್ಳೆ ಮುಗಿಯುವುದೇ ಇಲ್ಲ ಎಂದು ಗಾಬರಿಯಾಗಬೇಡಿ. ಬಿಚ್ಚಿದ ನಿಪ್ಪಲಿನ ತಿರುಪಿನ ಸಂದಿನಿಂದ ಹೊರಗಿನ ಗಾಳಿಯೇ ಪೈಪಿಗೆ ಬರುತ್ತಿರುತ್ತದೆ. ಅದು ಬ್ರೇಕಿನೊಳಗಿನ ಗಾಳಿಯಲ್ಲ. ನಿಪ್ಪಲಿನ ಬುಡದ ಸುತ್ತ ಸಿಲಿಕೋನ್ ಗ್ರೀಸ್ ಮೆತ್ತಿದರೆ ನಿಲ್ಲುತ್ತದೆ.

ಎಲ್ಲ ಮಾಡಿದರೂ ಇನ್ನೂ ಮೆತ್ತಗಿದ್ದರೆ

ನನ್ನದೂ ಇನ್ನೂ ಸ್ವಲ್ಪ ಮೆತ್ತಗೆ ಇತ್ತು. ಮೂರು ಸಲ ಮಾಡಿದೆ. ನಿಪ್ಪಲಿನಿಂದ ಒಂದು ಗುಳ್ಳೆಯೂ ಇಲ್ಲ, ಆದರೂ ಲಿವರಿನಲ್ಲಿ ಆ ಸ್ಪಂಜಿನ ಗುಣ ಹೋಗಲಿಲ್ಲ. ಕೊನೆಗೆ ಪೈಪಿನ ದಾರಿಯನ್ನು ಬೆರಳಿನಿಂದ ಸವರುತ್ತಾ ಮೇಲೆ ಬಂದಾಗ ತಿಳಿಯಿತು. ಮಾಸ್ಟರ್ ಸಿಲಿಂಡರಿಗೆ ಪೈಪ್ ಸೇರುವ ಜಾಗದಲ್ಲಿ ಒಂದು ಡೊಂಕು ಇದೆ, ಅದೇ ಇಡೀ ದಾರಿಯಲ್ಲಿ ಎತ್ತರದ ಜಾಗ. ಗಾಳಿ ಮೇಲಕ್ಕೆ ಹೋಗುವುದು ಅದರ ಸ್ವಭಾವ. ನಾವು ಅದನ್ನು ಒಂದು ಮೀಟರ್ ಕೆಳಗೆ ತಳ್ಳಿ ಹೊರಹಾಕಲು ನೋಡುತ್ತಿರುತ್ತೇವೆ. ಅದು ಅಲ್ಲೇ ಡೊಂಕಿನಲ್ಲಿ ಕೂತಿರುತ್ತದೆ.

ಆ ಜಾಗದಲ್ಲಿ ಪೈಪನ್ನು ಹಿಡಿದಿರುವ ಬೋಲ್ಟಿಗೆ, ಅಂದರೆ ಬಾಂಜೋ ಬೋಲ್ಟಿಗೆ, ಬಟ್ಟೆ ಸುತ್ತಿ. ಒಬ್ಬರು ಲಿವರ್ ಒತ್ತಿ ಹಿಡಿಯಲಿ. ಬೋಲ್ಟನ್ನು ಸ್ವಲ್ಪವೇ ಸಡಿಲಿಸಿದರೆ ಪುಸ್ ಎಂದು ಆಯಿಲ್ ಜೊತೆ ಗಾಳಿ ಬರುತ್ತದೆ. ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ನನಗೆ ಎರಡೇ ಸಲಕ್ಕೆ ಲಿವರ್ ಕಲ್ಲಿನಂತಾಯಿತು. ಬೋಲ್ಟನ್ನು ಪೂರ್ತಿ ತೆಗೆದರೆ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಬೇಕು. ಹಳೆಯದು ಒಮ್ಮೆ ಚಪ್ಪಟೆಯಾಗಿರುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ ಪೈಪಿಗೂ ಕ್ಯಾಲಿಪರಿಗೂ ಮೆಲ್ಲಗೆ ತಟ್ಟುವುದು ಕೂಡ ಕೆಲಸ ಮಾಡುತ್ತದೆ, ಅಂಟಿಕೊಂಡ ಗುಳ್ಳೆ ಬಿಡುತ್ತವೆ. ರಾತ್ರಿ ಲಿವರಿಗೆ ರಬ್ಬರ್ ಕಟ್ಟಿ ಬೆಳಗ್ಗೆ ಬಿಚ್ಚುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಪುಡಿ ಗುಳ್ಳೆಗಳಿಗೆ ಅದರಿಂದ ಉಪಯೋಗ ಆಗುವುದನ್ನು ನಾನೂ ನೋಡಿದ್ದೇನೆ. ಆದರೆ ಹಳೇ ಆಯಿಲನ್ನು ಅದು ಹೊಸದು ಮಾಡುವುದಿಲ್ಲ.

ಕ್ಯಾಲಿಪರ್ ಬಿಚ್ಚಿ ಜೋಡಿಸಿದ್ದರೆ ನಿಪ್ಪಲ್ ಮೇಲ್ಭಾಗದಲ್ಲಿದೆಯೇ ನೋಡಿ. ಹೊಸ ಪ್ಯಾಡ್ ಹಾಕಿದ್ದರೆ ಅದು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಲಿವರ್ ಸ್ವಲ್ಪ ಮೆತ್ತಗೇ ಇರುತ್ತದೆ.

ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಮಾತು ಬೇರೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ಮೇಲಿನ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಹಾಗಾಗಿ ಈಗ ಬಹಳ ಮನೆಗಳಲ್ಲಿ ಅದೇ ಇದೆ. ಡಬ್ಬಿ ಖಾಲಿಯಾಗದಂತೆ ನೋಡಿಕೊಂಡು ಆಯಿಲ್ ಬದಲಿಸುವುದಾದರೆ ಬಹುಪಾಲು ಇದೇ ಕ್ರಮ ನಡೆಯುತ್ತದೆ. ಆದರೆ ಎಬಿಎಸ್ ಡಬ್ಬದೊಳಗೆ ಗಾಳಿ ಹೋಯಿತೆಂದರೆ ಕೆಲವು ಗಾಡಿಗಳಲ್ಲಿ ಅದರ ವಾಲ್ವುಗಳನ್ನು ಸ್ಕ್ಯಾನರ್ ಹಾಕಿ ಆಡಿಸಿದರೆ ಮಾತ್ರ ಹೊರಬರುತ್ತದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಮುಗಿಸುವಾಗ ನಿಪ್ಪಲನ್ನು ಮಣಿಕಟ್ಟಿನ ಬಲದಲ್ಲಷ್ಟೇ ಬಿಗಿ ಮಾಡಿ. ಅದರ ನಡುವೆ ತೂತು ಇದೆ, ತೋಳಿನ ಬಲ ಹಾಕಿದರೆ ಮುರಿದು ಒಳಗೇ ಉಳಿಯುತ್ತದೆ. ರಬ್ಬರ್ ಟೋಪಿ ಹಾಕಿ, ಕ್ಯಾಲಿಪರಿಗೆ ನೀರು ಸುರಿದು ಒರೆಸಿ. ಡಿಸ್ಕಿನ ಮೇಲೆ ಒಂದು ಹನಿ ಆಯಿಲ್ ಕೂಡ ಇರಬಾರದು. ಹಳೇ ಆಯಿಲನ್ನು ಗಟಾರಕ್ಕೆ ಚೆಲ್ಲಬೇಡಿ. ಹಳೇ ಎಂಜಿನ್ ಆಯಿಲ್ ಕೊಳ್ಳುವ ಗ್ಯಾರೇಜಿನವರನ್ನು ಕೇಳಿ, ಬೇರೆ ಬಾಟಲಿಯಲ್ಲೇ ಕೊಡಿ.

ಹೊರಡುವ ಮುಂಚೆ ನಿಂತಲ್ಲೇ ಒಂದು ನಿಮಿಷ ಲಿವರ್ ಒತ್ತಿ ಹಿಡಿಯಿರಿ. ಆಮೇಲೆ ಗಾಡಿ ತಳ್ಳುತ್ತಾ ಹಿಡಿದು ನೋಡಿ. ಆಮೇಲೆ ಓಣಿಯೊಳಗೆ, ಸೈಕಲ್ ವೇಗದಲ್ಲಿ. ಮರುದಿನ ಬೆಳಗ್ಗೆ ನಿಪ್ಪಲ್ ಮತ್ತು ಬಾಂಜೋ ಬೋಲ್ಟಿನ ಸುತ್ತ ಒಣ ಕಾಗದ ಒತ್ತಿ, ಒದ್ದೆಯಾಗುತ್ತದೆಯೇ ನೋಡಿ. ಆಗಲೂ ಲಿವರ್ ಇಳಿಯುತ್ತಿದ್ದರೆ, ಅಥವಾ ಕಾಗದ ಒದ್ದೆಯಾದರೆ, ಮೆಕ್ಯಾನಿಕ್ ಹತ್ತಿರ ಓಡಿಸಿಕೊಂಡು ಹೋಗಬೇಡಿ. ಅವರನ್ನೇ ಮನೆಗೆ ಕರೆಸಿ, ಇಲ್ಲವೇ ಟೆಂಪೋದಲ್ಲಿ ಹಾಕಿ ಕಳಿಸಿ. ಏನೇನು ನೋಡಿದ್ದೀರಿ ಎಂದು ಅವರಿಗೆ ಹೇಳಿ: ಒತ್ತುತ್ತಾ ಹೋದರೆ ಗಟ್ಟಿಯಾಗುತ್ತದೆಯೋ, ಹಿಡಿದರೆ ಇಳಿಯುತ್ತದೆಯೋ, ಕಾದಾಗ ಮಾತ್ರ ಹೋಗುತ್ತದೆಯೋ. ಅಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ಸೀದಾ ಆ ಜಾಗಕ್ಕೇ ಕೈ ಹಾಕುತ್ತಾರೆ.